ಎಡಗಡೆಯ ಜೋಡಿ

ಮುಚ್ಚಳ ಬಿಚ್ಚಿಟ್ಟ ಆಂಪ್ಲಿಫೈಯರಿನ ಮೇಲೆ ಬಗ್ಗಿ ಆ ಹೆಂಗಸು ಒಂದೊಂದು ಬಿಡಿಭಾಗಕ್ಕೂ ಕೆಂಪು ನೇಲ್ ಪಾಲಿಶಿನ ಚುಕ್ಕೆ ಇಡುತ್ತಿದ್ದಳು. ಅವಳು ಮುಗಿಸುವ ತನಕ ಖಿಯೆಮ್ ತನ್ನ ಎರಡೂ ಕೈಗಳನ್ನು ಕಾಣುವ ಹಾಗೆ ಮೇಜಿನ ಅಂಚಿನ ಮೇಲಿಟ್ಟುಕೊಂಡು ಕಾಯಬೇಕಿತ್ತು. ಸೈಗಾನಿನ ಈ ರೇಡಿಯೋ ಬೀದಿಯಲ್ಲಿ ಅದು ರೂಢಿ. ಗಿರಾಕಿ ಗುರುತು ಹಾಕುವ ಮೊದಲು ರಿಪೇರಿಯವನು ಒಳಗೆ ಬೆರಳಿಟ್ಟರೆ ಅಸಲಿ ಕಿತ್ತು ನಕಲಿ ತುರುಕಿದ ಅಂತಲೇ ಲೆಕ್ಕ. ಹಾಗೆ ತುರುಕುವುದಕ್ಕೆ ಇಲ್ಲಿನವರು ಬೇಯಿಸುವುದು ಎನ್ನುತ್ತಾರೆ. ಬೇಯಿಸಿದ ಯಂತ್ರ ಮನೆಗೆ ಹೋಗಿ ಹಾಡುತ್ತದೆ, ಹೊಳೆಯುತ್ತದೆ, ಸಾರವೆಲ್ಲ ಮಾತ್ರ ರಿಪೇರಿಯವನ ಡ್ರಾಯರಿನಲ್ಲಿರುತ್ತದೆ. ಥೋವಾ ಎಂಬ ಈ ಹೆಂಗಸು ಹೆಸರು ಹೇಳುವ ಮೊದಲೇ ಕೈಚೀಲದಿಂದ ನೇಲ್ ಪಾಲಿಶಿನ ಶೀಶೆ ತೆಗೆದಿದ್ದಳು. ಅದರ ವಾಸನೆ ಎದುರಿನ ಗಾಡಿಯ ಸುಟ್ಟ ಹಂದಿಮಾಂಸದ ಹೊಗೆಯ ಜೊತೆ ಸೇರಿ ಖಿಯೆಮ್‌ಗೆ ಬೆಳಗಿನ ಕಾಫಿ ಗಂಟಲಿಗೆ ಬಂದಂತಾಯಿತು.

"ಆ ದಪ್ಪ ಡಬ್ಬಿಗಳಿಗೂ ಇಡಮ್ಮ ಮಗಳೇ," ಎಂದ ಹಿಂದಿನಿಂದ ಚಿನ್ ಲೋಕ್. "ಮೊದಲು ಕೈ ಹೋಗೋದೇ ಅಲ್ಲಿಗೆ."

ಚಿನ್ ಲೋಕ್ ಮೇಜಿನ ಒಳಮಗ್ಗುಲಲ್ಲಿ, ಖಿಯೆಮ್‌ನ ಮೊಣಕೈ ತಗಲುವಷ್ಟು ಹತ್ತಿರ, ಮಡಚುವ ಕ್ಯಾನ್ವಾಸ್ ಕುರ್ಚಿಯಲ್ಲಿ ಒರಗಿದ್ದ. ಲಕ್ವ ಹೊಡೆದು ಬಲಗೈ ಬಲಗಾಲು ಹೋಗಿದ್ದವು. ನಾಲಿಗೆ ಹೋಗಿರಲಿಲ್ಲ. ಬಾಯಿ ಒಂದು ಪಕ್ಕಕ್ಕೆ ಸೊಟ್ಟಗಾಗಿದ್ದರಿಂದ ಅವನ ಪ್ರತಿಯೊಂದು ಮಾತೂ ಈಗ ಗೇಲಿಯ ಹಾಗೆ ಕಾಣುತ್ತಿತ್ತು. ಅದರಲ್ಲಿ ತಪ್ಪೇನೂ ಇಲ್ಲ, ಮೊದಲೂ ಅವು ಗೇಲಿಯೇ ಆಗಿದ್ದವು ಎಂದುಕೊಂಡ ಖಿಯೆಮ್.

"ಹಾಕಿ ಅಕ್ಕಾ, ನಿಧಾನವಾಗಿ ಹಾಕಿ," ಎಂದ ಬಾಯಿಬಿಟ್ಟು. "ನಂಗೇನೂ ಅವಸರ ಇಲ್ಲ."

"ಅವಸರ ಯಾರಿಗಿದೆಯಪ್ಪ ಇಲ್ಲಿ," ಎಂದಳು ಅವಳು ತಲೆಯೆತ್ತದೆ. "ನೀನು ತಪ್ಪು ತಿಳ್ಕೋಬೇಡ. ಚಿನ್ ಲೋಕ್ ಚಿಕ್ಕಪ್ಪನ ಕೈಯಾಗಿದ್ರೆ ಈ ಶೀಶೇನ ಮನೇಲೇ ಬಿಟ್ಟು ಬರ್ತಿದ್ದೆ. ನೀನು ಯಾರೋ ಏನೋ."

ಯಾರೋ ಏನೋ. ಅರ್ಧ ಆಯುಸ್ಸು ಇದೇ ಸ್ಟೂಲಿನ ಮೇಲೆ ಸವೆದಿತ್ತು. ಖಿಯೆಮ್ ಯಾವತ್ತೂ ಯಾರ ಯಂತ್ರವನ್ನೂ ಬೇಯಿಸಿರಲಿಲ್ಲ. ಅದನ್ನವನು ತನ್ನ ಸದ್ಗುಣ ಎಂದುಕೊಂಡದ್ದೂ ಇಲ್ಲ, ಅವಕಾಶವಿರಲಿಲ್ಲ ಅಷ್ಟೆ. ಕೆಲಸ ಕಲಿಯಲು ಬಂದ ದಿನಗಳಲ್ಲಿ ಅಂಗಡಿ ಮುಚ್ಚುವ ಹೊತ್ತಿಗೆ ಚಿನ್ ಲೋಕ್ ಅವನನ್ನು ಬೀದಿಯಲ್ಲಿ ನಿಲ್ಲಿಸಿ ಷರಾಯಿಯ ಜೇಬುಗಳನ್ನು ಹೊರಗೆ ಎಳೆಯಿಸುತ್ತಿದ್ದ. ನಾಯಿಕಿವಿಯ ಹಾಗೆ ಎರಡೂ ಕಡೆ ಜೋತುಬಿದ್ದ ಜೇಬುಗಳೊಂದಿಗೆ ಅವನು ನಿಂತಿರುವಾಗ ಟೀ ಮಾರುವವಳು, ಲಾಟರಿ ಟಿಕೆಟ್ಟಿನವಳು, ಪಕ್ಕದಂಗಡಿಯ ಫ್ಯಾನು ರಿಪೇರಿಯ ದಾವ್, ಎಲ್ಲರೂ ನೋಡುತ್ತಿದ್ದರು. ಒಮ್ಮೆ ಟೀಯವಳು ಅಯ್ಯೋ ಪಾಪ ಎಂದಿದ್ದಳು. ಆ ಪಾಪ ಎನ್ನುವ ಮಾತನ್ನು ಅವನು ಇವತ್ತಿಗೂ ಕ್ಷಮಿಸಿರಲಿಲ್ಲ. ಈಗ ಅದೇ ಚಿನ್ ಲೋಕ್‌ನನ್ನು ದಿನಕ್ಕೆ ಹಲವು ಸಲ ಸಂತೆಯ ಹಿಂದಿನ ಕಕ್ಕಸಿಗೆ ಎತ್ತಿಕೊಂಡು ಹೋಗುವವನು ಖಿಯೆಮ್. ಅನ್ನ ಕಲಸಿ ಕೊಡುವವನು, ಗಲ್ಲದ ಜೊಲ್ಲು ಒರೆಸುವವನು ಅವನೇ. ಎತ್ತಿಕೊಂಡಾಗ ಮುದುಕನ ಸತ್ತ ಕೈ ಅವನ ಬೆನ್ನಿಗೆ ತಟ್ಟುತ್ತ ಬರುತ್ತಿತ್ತು, ಶಭಾಷ್ ಶಭಾಷ್ ಎಂದು ಹೇಳಿದ ಹಾಗೆ. ಕಕ್ಕಸಿನಲ್ಲಿ ಕುಕ್ಕರಿಸಿದಲ್ಲಿಂದಲೇ, ಯಾರದೋ ಅಂಗಡಿಯಲ್ಲಿ ಪರೀಕ್ಷೆಗೆ ಹಚ್ಚಿದ ಹಾಡು ಕೇಳಿ, "ಬಲಗಡೆ ಸ್ಪೀಕರಿನ ತಂತಿ ತಿರುವುಮುರುವು ಕೊಟ್ಟವ್ನೆ ನೋಡು ಬೇವಕೂಫ," ಎನ್ನುತ್ತಿದ್ದ. ವಿಚಾರಿಸಿದರೆ ಹಾಗೇ ಆಗಿರುತ್ತಿತ್ತು. ಖಿಯೆಮ್‌ಗೆ ಅದು ಎಂದೂ ಕೇಳಿಸುತ್ತಿರಲಿಲ್ಲ. ಅವನು ಮೀಟರ್ ಇಟ್ಟು ಕಂಡುಹಿಡಿಯುವವನು. "ಕೋಣನ ಮುಂದೆ ಕಿನ್ನರಿ ಬಾರಿಸಿದೆ ಇಷ್ಟು ವರ್ಷ," ಎಂದು ಮುದುಕ ಬಂದ ಗಿರಾಕಿಗಳಿಗೆಲ್ಲ ಹೇಳುತ್ತಿದ್ದ. ಕೊನೆಗೆ ಬೀದಿಯ ತುಂಬ ಖಿಯೆಮ್‌ಗೆ ಕೋಣ ಎಂದೇ ಹೆಸರಾಯಿತು. ಫಲಕದ ಮೇಲೆ ಮಾತ್ರ ಚಿನ್ ಲೋಕ್. ಕೆಲಸ ಕೋಣನದು, ಹೆಸರು ಚಿನ್ ಲೋಕ್‌ನದು.

"ಮುಗೀತು," ಎಂದು ಥೋವಾ ಸ್ಟೂಲೆಳೆದು ಎದುರಿಗೆ ಕೂತಳು. ಕಾಲ ಮೇಲೆ ಕಾಲು ಹಾಕಲಿಲ್ಲ. ಇಡೀ ದಿನ ಕೂರಲು ಬಂದವಳ ಕೂರುವಿಕೆ ಅದು. ಐಸು ಹಾಕಿದ ಕಾಫಿ ತರಿಸಿಕೊಂಡಳು, ಚಿನ್ ಲೋಕ್‌ಗೂ ಒಂದು ತರಿಸಿದಳು. ನೆಲದ ಮೇಲಿನ ಪುಟ್ಟ ಗೂಡಿನಲ್ಲಿ ಹೊಟ್ಟೆ ಬಿಟ್ಟುಕೊಂಡು ಕೂತ ಭೂಮಿದೇವರ ಮುಂದೆಯೂ ಒಂದಿಟ್ಟು ಕೈಮುಗಿದಳು. ಖಿಯೆಮ್‌ಗೆ ತರಿಸಲಿಲ್ಲ.

ಅವಳ ಕಾಫಿ ಅಂಗಡಿಯಲ್ಲಿ ಹಳೆಯ ಹಾಡುಗಳೇ ವ್ಯಾಪಾರ. ಕಾಫಿ ತೊಟ್ಟಿಕ್ಕುವುದನ್ನು ನೋಡುತ್ತ, ಯಾರೊಂದಿಗೂ ಮಾತಾಡದೆ, ಯುದ್ಧಕ್ಕಿಂತ ಹಿಂದಿನ ವಿರಹಗೀತೆಗಳನ್ನು ಕೇಳಲು ಬರುವ ಗಂಡಸರು ಅವಳ ಗಿರಾಕಿಗಳು. ವಾರದಿಂದ ಯಂತ್ರ ಕೆಟ್ಟಿತ್ತು. "ಅರ್ಧ ಗಂಟೆ ಚೆನ್ನಾಗೇ ಹಾಡ್ತದೆ. ಆಮೇಲೆ ಎಡಗಡೆ ಕೆರೆಯೋಕೆ ಶುರು. ಆಮೇಲೆ ಟಕ್ ಅಂತ ನಿಂತೇ ಹೋಗ್ತದೆ. ಆರಿದ ಮೇಲೆ ಮತ್ತೆ ಹಾಡ್ತದೆ." ಅವಳು ಇದನ್ನು ಹೇಳಿದ್ದು ಖಿಯೆಮ್‌ನ ತಲೆಯ ಮೇಲಿಂದ, ಚಿನ್ ಲೋಕ್‌ಗೆ.

ಖಿಯೆಮ್ ಜಪಾನಿ ಯಂತ್ರಗಳಿಗೆಂದೇ ಇರುವ ನೂರು ವೋಲ್ಟಿನ ಪ್ಲಗ್ಗಿಗೆ ಚುಚ್ಚಿ, ನಡುವೆ ಒಂದು ಬಲ್ಬು ಸಿಕ್ಕಿಸಿ, ಮೀಟರಿನ ಕಡ್ಡಿಗಳನ್ನು ಎಡಗಡೆಯ ದಾರಿಗೆ ಹಚ್ಚಿ ಕಾದ. ಬಲ್ಬು ಒಮ್ಮೆ ಉರಿದು ಮಂಕಾಯಿತು. ಒಳಗೆ ಸುಟ್ಟದ್ದೇನೂ ಇಲ್ಲ ಎಂದಾಯಿತು. ಬಿಸಿಯಾಗಲಿ ಎಂದು ಮೇಲೊಂದು ರಟ್ಟು ಮುಚ್ಚಿದ. ಕಾಯುವ ಹೊತ್ತಿನಲ್ಲಿ ಕೈಗೆ ಕೆಲಸವಿರಲಿಲ್ಲ. ಕೆಲಸವಿಲ್ಲದ ಕೈಯನ್ನು ಅವಳು ನೋಡುತ್ತಿದ್ದಳು. ಅವನಿಗೆ ಹಣೆ ತುರಿಸಿತು, ತುರಿಸಿಕೊಂಡರೆ ಏನೆಂದುಕೊಳ್ಳುತ್ತಾಳೋ ಎಂದು ಸುಮ್ಮನಾದ. ಸುಮ್ಮನಾದದ್ದಕ್ಕೆ ತನ್ನ ಮೇಲೇ ಹೇಸಿಗೆಯಾಗಿ ಬೇಕೆಂದೇ ಕೈಯನ್ನು ಜೇಬಿನೊಳಗೆ ಹಾಕಿದ. ಅವಳ ಕಣ್ಣು ಜೇಬಿಗೆ ಹೋಯಿತು. ಬರೀ ಕರವಸ್ತ್ರ ಹೊರಗೆ ಬಂತು.

"ನಮ್ಮಪ್ಪ ತಂದಿದ್ದು ಇದನ್ನ," ಎಂದಳು ಥೋವಾ ಚಿನ್ ಲೋಕ್‌ಗೆ. "ನಿಮ್ಮ ಬಿಟ್ಟು ಇನ್ನೊಬ್ಬರ ಕೈಗೆ ಕೊಟ್ಟಿಲ್ಲ. ಅಪ್ಪ ಏನನ್ನೋರು ಗೊತ್ತಾ ಚಿಕ್ಕಪ್ಪ? ಈ ಬೀದೀಲಿ ಇಬ್ಬರೇ ಪ್ರಾಮಾಣಿಕರು. ಒಬ್ಬ ಭೂಮಿದೇವರು, ಇನ್ನೊಬ್ಬ ಚಿನ್ ಲೋಕ್. ದೇವರಾದ್ರೂ ಕಾಫಿ ಕೇಳ್ತಾನೆ, ಚಿನ್ ಲೋಕ್ ಅದನ್ನೂ ಕೇಳಲ್ಲ ಅನ್ನೋರು."

ದಾವ್ ತನ್ನ ಅಂಗಡಿಯಿಂದ ಗಹಗಹಿಸಿದ. "ಮೂರನೆಯವನು ನಾನು ತಂಗಿ! ಕದಿಯೋಕೆ ಫ್ಯಾನಿನೊಳಗೆ ಏನಿದೆ, ಗಾಳಿ ಬಿಟ್ರೆ?"

ಎಲ್ಲರೂ ನಕ್ಕರು. ಖಿಯೆಮ್ ಕೂಡ ನಕ್ಕ. ನಕ್ಕಿದ್ದಕ್ಕೆ ಆಮೇಲೆ ಬಾಯೆಲ್ಲ ಕಹಿಯಾಯಿತು. ಪ್ರಾಮಾಣಿಕ. ಇಷ್ಟು ವರ್ಷ ಹಗಲೆಲ್ಲ ಮೈಗೆ ಮೈ ತಾಗಿಸಿಕೊಂಡು ಕೂತು ಅವನು ಮುದುಕನ ಕೈಗಳನ್ನು ನೋಡಿದ್ದ. ಒಂದೇ ಒಂದು ಸಲ ಆ ಕೈ ಜಾರಲಿ ಎಂದು ಕಾದಿದ್ದ. ಜಾರಿರಲೇಬೇಕು. ತಾನು ಬರುವ ಮೊದಲು, ಹಡಗುಗಳು ಬಾರದೆ ಒಂದು ಬಿಡಿಭಾಗಕ್ಕೂ ಬೀದಿ ಬಾಯಿ ಬಿಡುತ್ತಿದ್ದ ಆ ಬರಗಾಲದ ವರ್ಷಗಳಲ್ಲಿ, ಯಾವನು ತಾನೇ ಬೇಯಿಸದೆ ಬದುಕಿಯಾನು? ಈ ಮುದುಕ ಕಳ್ಳ ಎಂದು ಒಂದೇ ಒಂದು ಸಲ, ಇವನು ಬದುಕಿರುವಾಗಲೇ, ನಾಲ್ಕು ಜನರ ಎದುರು ಸಾಬೀತಾದರೆ ಸಾಕು. ಎಳೆದು ತೋರಿಸಿದ ಜೇಬುಗಳ ಲೆಕ್ಕವೆಲ್ಲ ಅಲ್ಲಿಗೆ ಚುಕ್ತಾ. ಖಿಯೆಮ್‌ಗೆ ಜೀವನದಲ್ಲಿ ಬೇರೇನೂ ಬೇಕಿರಲಿಲ್ಲ. ಇದನ್ನು ಅವನು ತನಗೆ ತಾನೇ ಸ್ಪಷ್ಟವಾಗಿ ಹೇಳಿಕೊಂಡದ್ದು ಬಹುಶಃ ಈ ಬೆಳಿಗ್ಗೆಯೇ.

ಎಡಗಡೆ ಕೆರೆಯತೊಡಗಿತು. ಮೀಟರಿನ ಮುಳ್ಳು ಇರಬೇಕಾದ ಸೊನ್ನೆಯನ್ನು ಬಿಟ್ಟು ಮೆಲ್ಲಗೆ ಏರಿತು, ಇಳಿಯಿತು, ಮತ್ತೆ ಏರಿತು. ಟಕ್. ಯಂತ್ರ ತನ್ನನ್ನು ತಾನೇ ಕಾಪಾಡಿಕೊಂಡು ಸ್ಪೀಕರಿನ ಸಂಪರ್ಕ ಕಡಿದುಕೊಂಡಿತು.

"ಗೋಂದು ನೋಡು," ಎಂದ ಚಿನ್ ಲೋಕ್ ತಕ್ಷಣ.

ಈ ಹಳೆಯ ಜಪಾನಿ ಯಂತ್ರಗಳಲ್ಲಿ ಬಿಡಿಭಾಗಗಳು ಅಲುಗದಿರಲೆಂದು ಬೋರ್ಡಿನ ಮೇಲೆ ಗೋಂದು ಸುರಿದಿರುತ್ತಾರೆ. ಸೈಗಾನಿನ ಸೆಕೆಯಲ್ಲಿ ವರ್ಷಗಟ್ಟಲೆ ಕೂತು ಅದು ಕಂದಾಗಿ, ಬಿಸಿಯಾದಾಗ ಹರಿಯಬಾರದ ಕಡೆ ಕರೆಂಟು ಹರಿಸುತ್ತದೆ. ಖಿಯೆಮ್‌ಗೆ ಅದು ಗೊತ್ತಿಲ್ಲದ್ದಲ್ಲ. ಅವನೂ ಮೊದಲು ಅದನ್ನೇ ನೋಡಬೇಕೆಂದಿದ್ದ. ಮುದುಕ ಬಾಯಿಬಿಟ್ಟ ಮೇಲೆ ಅದು ಮುದುಕನ ಗೋಂದಾಯಿತು. ನೋಡಿ, ಕೆರೆದು, ಸರಿಹೋದರೆ, ಕೂತಲ್ಲಿಂದಲೇ ಕಂಡುಹಿಡಿದರಂತೆ, ಕಣ್ಣಲ್ಲಿ ನೋಡಲೂ ಇಲ್ಲವಂತೆ ಎಂದು ಈ ಹೆಂಗಸು ತನ್ನ ಅಂಗಡಿಯ ಗಿರಾಕಿಗಳಿಗೆಲ್ಲ ಹೇಳುತ್ತಾಳೆ. ಅವನು ಗೋಂದಿನ ಕಡೆ ನೋಡಲಿಲ್ಲ. ಯಂತ್ರವನ್ನು ತಿರುಗಿಸಿ, ಹಿಂಬದಿಯ ಲೋಹದ ರೆಕ್ಕೆಗಳಿಗೆ ಬಿಗಿದಿದ್ದ ದೊಡ್ಡ ಟ್ರಾನ್ಸಿಸ್ಟರುಗಳನ್ನು ನೋಡಿದ. ಬಲಗಡೆಗೊಂದು ಜೋಡಿ, ಎಡಗಡೆಗೊಂದು ಜೋಡಿ. ಸ್ಪೀಕರಿಗೆ ಬಲ ಕೊಡುವವು ಇವೇ, ಈಗ ಜಗತ್ತಿನಲ್ಲಿ ಯಾರೂ ಮಾಡದಂಥವೂ ಇವೇ. ನಾಲ್ಕರ ಮೇಲೂ ಅವಳ ಕೆಂಪು ಚುಕ್ಕೆಯಿತ್ತು.

ಎಡಗಡೆಯ ಜೋಡಿಯ ಅಕ್ಷರಗಳು ಬೇರೆಯಾಗಿದ್ದವು.

ಖಿಯೆಮ್ ಹತ್ತಿರಕ್ಕೆ ಬಗ್ಗಿದ. ಬಲಗಡೆಯ ಅಕ್ಷರಗಳು ತೆಳ್ಳಗೆ, ಮಾಸಿದ ಬೆಳ್ಳಿಬಣ್ಣ. ಎಡಗಡೆಯವು ದಪ್ಪ, ಬಿಳುಪು, ಮೇಲೆ ಮುಚ್ಚಿದ ಲೋಹದ ಟೋಪಿಯ ತುಂಬ ಉಜ್ಜಿದ ಗೀರುಗಳು. ಹಳೆಯ ಬರಹ ಉಜ್ಜಿ ಅಳಿಸಿ ಹೊಸತು ಬರೆದ ನಕಲಿಗಳನ್ನು ಅವನು ಬುಟ್ಟಿಗಟ್ಟಲೆ ಕಂಡಿದ್ದ. ಕೆಳಗಿನ ಬೆಸುಗೆಯೂ ಕಾರ್ಖಾನೆಯದಲ್ಲ. ತಂತಿಯನ್ನು ಕಾಲಿಗೆ ಕೊಕ್ಕೆ ಹಾಕಿ, ಬಾಲವನ್ನು ಒಳಕ್ಕೆ ಮಡಚಿ, ಅದರ ಮೇಲೆ ಒಂದೇ ಒಂದು ಹನಿ ಸೀಸ. ಹೀಗೆ ಕೊಕ್ಕೆ ಹಾಕುವುದನ್ನು ಕಲಿಯಲು ಅವನು ಬೆರಳು ಸುಟ್ಟುಕೊಂಡಿದ್ದ, ಸರಿಯಾಗದ್ದಕ್ಕೆ ಬೆಸುಗೆ ಹಾಕುವ ಕಬ್ಬಿಣದ ಹಿಡಿಯಿಂದ ಗೆಣ್ಣಿಗೆ ಪೆಟ್ಟು ತಿಂದಿದ್ದ. ಬೀದಿಯಲ್ಲಿ ಬೇರೆ ಯಾರದೂ ಈ ಕೊಕ್ಕೆಯಲ್ಲ. ಸಂತೋಷ ಎಂದರೆ ಇದೇ ಇರಬೇಕು ಎನ್ನಿಸಿತು. ಮೈಯೆಲ್ಲ ಹಗುರಾಗಿ, ಸುಟ್ಟ ಮಾಂಸದ ವಾಸನೆ ಕೂಡ ಹಸಿವು ಹುಟ್ಟಿಸಿತು.

"ಅಕ್ಕಾ, ಇಲ್ಲಿ ಬನ್ನಿ," ಎಂದ. "ಇವೆರಡೂ ಒಳಗೆ ಹುಟ್ಟಿದವಲ್ಲ. ಯಾರೋ ಬದಲಾಯಿಸಿದಾರೆ."

ಥೋವಾ ಎದ್ದೇಬಿಟ್ಟಳು. "ಯಾವಾಗ ಬದಲಾಯಿಸ್ದೆ? ನಾನು ಕಣ್ಣು ರೆಪ್ಪೆ ಹಾಕಿಲ್ಲ!"

"ನಿಮ್ಮ ಚುಕ್ಕೆ ನೋಡ್ಕೊಳ್ಳಿ. ನನ್ನ ಕೈ ಇನ್ನೂ ತಾಗೇ ಇಲ್ಲ."

ಅವಳು ಚುಕ್ಕೆ ನೋಡಿದಳು. ಉಗುರಿನಿಂದ ಕೆರೆದು ನೋಡಿದಳು. ಅವಳದೇ. ಆಮೇಲೆ ಅವಳ ಮುಖದ ಮೇಲೆ ಬಂದ ಪ್ರಶ್ನೆಯನ್ನು ಖಿಯೆಮ್ ನಿಧಾನವಾಗಿ ಚಪ್ಪರಿಸುತ್ತ ಕಾದ. ಅವಳಾಗಿಯೇ ಕೇಳಬೇಕು.

"ಹಾಗಾದ್ರೆ ಯಾರು?"

"ನೀವೇ ಅಂದ್ರಲ್ಲ, ಬೇರೆಯವರ ಕೈಗೆ ಕೊಟ್ಟಿಲ್ಲ ಅಂತ."

ಬೀದಿಯಲ್ಲಿ ಸ್ಕೂಟರುಗಳು ಹೋಗುತ್ತಲೇ ಇದ್ದವು. ದಾವ್ ಮಾತ್ರ ಕೈಯಲ್ಲಿದ್ದ ಫ್ಯಾನಿನ ರೆಕ್ಕೆಯನ್ನು ಕೆಳಗಿಟ್ಟು ಗೋಡೆಯ ಆಚೆಯಿಂದ ಕತ್ತು ಚಾಚಿದ. ಥೋವಾ ಚಿನ್ ಲೋಕ್‌ನ ಕಡೆ ನೋಡಿದಳು. ಮುದುಕ ಕಾಫಿ ಲೋಟವನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದ. ಸೊಟ್ಟ ಬಾಯಿಯಿಂದ ಒಂದಿಷ್ಟು ಕಾಫಿ ಗಲ್ಲಕ್ಕೆ ಇಳಿದಿತ್ತು. ಒರೆಸಬೇಕಾದವನು ಒರೆಸಲಿಲ್ಲ.

"ಚಿಕ್ಕಪ್ಪ?"

"ಗೋಂದು ನೋಡು ಅಂದೆ," ಎಂದ ಚಿನ್ ಲೋಕ್, ಅವಳಿಗಲ್ಲ, ಖಿಯೆಮ್‌ಗೆ. "ಅದನ್ನ ಮುಟ್ಟಬೇಡ."

"ಯಾಕೆ ಮೇಷ್ಟ್ರೇ ಮುಟ್ಟಬಾರದು?"

"ಮುಟ್ಟಬೇಡ ಅಂದ್ರೆ ಮುಟ್ಟಬೇಡ. ಅದ್ರಲ್ಲಿ ಏನೂ ಕೆಟ್ಟಿಲ್ಲ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದೆಂದರೆ ಇದೇ ಎಂದುಕೊಂಡ ಖಿಯೆಮ್. ಮುದುಕನ ಸ್ವರದಲ್ಲಿ ಅವನು ಇದುವರೆಗೆ ಕೇಳದ ಏನೋ ಇತ್ತು. ಬೇಡಿಕೊಳ್ಳುತ್ತಿದ್ದಾನೆ. ಈ ಮನುಷ್ಯ ತನ್ನನ್ನು ಬೇಡಿಕೊಳ್ಳುತ್ತಿದ್ದಾನೆ. ಆ ಸ್ವರ ಇನ್ನೂ ಸ್ವಲ್ಪ ಹೊತ್ತು ಮುಂದುವರಿಯಲಿ ಎನ್ನಿಸಿತು. ಅಂಗಡಿಯೊಳಗಿನ ನೆರಳು, ಭೂಮಿದೇವರ ಕೆಂಪು ದೀಪ, ದಾವ್‌ನ ಚಾಚಿದ ಕತ್ತು, ಎಲ್ಲವೂ ತನಗಾಗಿಯೇ ಜೋಡಿಸಿಟ್ಟಂತೆ ಕಂಡಿತು. ಮೀಟರ್ ಹಚ್ಚಿ ಆ ಜೋಡಿಯನ್ನು ಅಳೆಯಬಹುದಿತ್ತು. ಅಳತೆಯಲ್ಲಿ ನಕಲಿಯೂ ಎಷ್ಟೋ ಸಲ ಅಸಲಿಯ ಹಾಗೇ ತೋರಿಸುತ್ತದೆ, ಒಡೆದರೆ ಮಾತ್ರ ಗುಟ್ಟು ರಟ್ಟು. ಇದನ್ನು ಕಲಿಸಿದವನೂ ಚಿನ್ ಲೋಕ್.

"ಬರೀ ಬಾಯಿಮಾತು ನಂಬೋದು ಬೇಡ ಅಕ್ಕ," ಎಂದ ಖಿಯೆಮ್. ತನ್ನ ಸ್ವರ ಇಷ್ಟು ಗಂಭೀರವಾಗಿ ಬರುತ್ತದೆಂದು ಅವನಿಗೇ ಗೊತ್ತಿರಲಿಲ್ಲ. "ಇದರ ಟೋಪಿ ಕೊಯ್ದು ತೋರಿಸ್ತೀನಿ. ಅಸಲಿ ಆದ್ರೆ ಒಳಗೆ ದಪ್ಪ ತಾಮ್ರದ ಮೇಲೆ ಕಿರುಬೆರಳ ಉಗುರಿನಷ್ಟು ಹರಳು ಇರ್ತದೆ. ನಕಲಿ ಆದ್ರೆ ಎಳ್ಳುಕಾಳಿನಷ್ಟು. ನಿಮ್ಮ ಕಣ್ಣಿಗೇ ಕಾಣ್ತದೆ."

"ಕೊಯ್ದ ಮೇಲೆ?"

"ಕೊಯ್ದ ಮೇಲೆ ಅದು ಮುಗೀತು. ಎಳ್ಳುಕಾಳಿಗೆ ಯಾಕೆ ಅಳ್ತೀರಿ?"

"ಕೊಯ್ಯಬೇಡ ಕಣೋ," ಎಂದ ಚಿನ್ ಲೋಕ್.

ಆ ಮಾತೇ ಅವಳನ್ನು ನಿರ್ಧಾರಕ್ಕೆ ತಂದಿತು. "ಕೊಯ್ಯಿ," ಎಂದಳು ಥೋವಾ.

ಖಿಯೆಮ್ ಎಡಗಡೆಯ ಮೇಲಿನದನ್ನು ಬಿಚ್ಚಿದ. ಕೊಕ್ಕೆಯನ್ನು ಕಾಯಿಸಿ ಬಿಡಿಸಿದ, ತಿರುಪು ತೆಗೆದ, ಅಡಿಯ ಅಭ್ರಕದ ಹಾಳೆ ಹರಿಯದಂತೆ ಎತ್ತಿದ. ಮೇಜಿನ ಒಳಮಗ್ಗುಲಿನ ಇಕ್ಕಳಕ್ಕೆ ಕಚ್ಚಿಸಿ ಸಣ್ಣ ಗರಗಸ ಹಚ್ಚಿದ. ಲೋಹ ಕಿರುಗುಟ್ಟಿತು. ಮುದುಕನ ಉಸಿರು ಖಿಯೆಮ್‌ನ ಮೊಣಕೈಗೆ ಬಡಿಯುತ್ತಿತ್ತು. ಆ ಬಿಸಿ ಉಸಿರಿನಲ್ಲಿ ಗರಗಸ ಎಳೆಯುವಾಗ ಅವನಿಗೆ ಹಿಂದೊಮ್ಮೆ ಕಾಲರಾ ಬಂದು ಮಲಗಿದ್ದಾಗ ಯಾರೋ ಹಣೆಯ ಮೇಲೆ ಬಗ್ಗಿ ಹೀಗೇ ಉಸಿರು ಬಿಡುತ್ತಿದ್ದುದು ನೆನಪಾಯಿತು. ಯಾರೋ ಎಂದೇನು, ಇವನೇ. ರಾತ್ರಿಯೆಲ್ಲ ಬಾಯಿಗೆ ಗಂಜಿನೀರು ಬಿಡುತ್ತ, ಸಾಯಬೇಡ ಕೋಣ, ಕಲಿಸಿದ್ದೆಲ್ಲ ದಂಡ ಆಗ್ತದೆ ಎಂದು ಬೈಯುತ್ತ ಕೂತಿದ್ದ. ಅದನ್ನು ನೆನೆದದ್ದಕ್ಕೆ ಸಿಟ್ಟು ಬಂದು ಗರಗಸವನ್ನು ಜೋರಾಗಿ ಎಳೆದ. ಟೋಪಿ ಕಳಚಿಕೊಂಡಿತು. ಉಳಿದದ್ದನ್ನು ಇಕ್ಕಳದಿಂದ ಬಿಡಿಸಿ ಅಂಗೈಯಲ್ಲಿಟ್ಟು ನೋಡಿದ.

ದಪ್ಪ ತಾಮ್ರದ ಗಟ್ಟಿ. ಅದರ ಮೇಲೆ ಚೌಕಾಕಾರದ ಹರಳು, ಕಿರುಬೆರಳ ಉಗುರಿಗಿಂತಲೂ ತುಸು ದೊಡ್ಡದು, ನೀರಿನ ಹನಿಯಷ್ಟು ಶುಭ್ರ. ಗರಗಸದ ಪುಡಿ ಅದರ ಮೇಲೆ ಬಿದ್ದಿತ್ತು, ಕೂದಲೆಳೆಯಂಥ ತಂತಿಗಳು ಹರಿದಿದ್ದವು.

ಖಿಯೆಮ್‌ಗೆ ಮೊದಲು ಅರ್ಥವಾಗಲಿಲ್ಲ. ಎಳ್ಳುಕಾಳನ್ನೇ ಹುಡುಕಿದ. ಇದು ಅಸಲಿಯೇ, ಬೇರೆ ಕಾರ್ಖಾನೆಯ ಅಕ್ಷರ, ಅಷ್ಟೆ. ಯಾವುದೋ ಯಂತ್ರದಿಂದ ಕಿತ್ತು, ಜೋಡಿಗೆ ಜೋಡಿ ಅಳೆದು, ತುಕ್ಕು ಉಜ್ಜಿ ತೆಗೆದು, ಕೆಟ್ಟುಹೋದ ಜೋಡಿಯ ಜಾಗಕ್ಕೆ ಹಾಕಿದ್ದು. ಬಿಡಿಭಾಗಕ್ಕೆ ಬೀದಿ ಬಾಯಿ ಬಿಡುತ್ತಿದ್ದ ಕಾಲದಲ್ಲಿ ಇದನ್ನು ಎಲ್ಲಿಂದ ತಂದಿದ್ದನೋ. ಈಗ ಇದನ್ನು ಅವಳಿಗೆ ತೋರಿಸಬೇಕು. ಉಗುರಿನಷ್ಟಿದ್ದರೆ ಅಸಲಿ ಎಂದು ತಾನೇ ಹೇಳಿಕೊಟ್ಟಿದ್ದಾನೆ. ಎಲ್ಲಿಯೂ ಸಿಗದ ವಸ್ತುವನ್ನು, ಬೇಡ ಎಂದರೂ ಕೇಳದೆ ಕೊಯ್ದು ಹಾಳುಮಾಡಿದ ಕೋಣ. ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಗುತ್ತದೆ. ದಾವ್ ಇದನ್ನು ಸಾಯುವ ತನಕ ಹೇಳಿಕೊಂಡು ನಗುತ್ತಾನೆ. ಯಾವ ಗಿರಾಕಿಯೂ ಇನ್ನು ಈ ಸ್ಟೂಲಿನ ಮುಂದೆ ಯಂತ್ರ ಇಳಿಸುವುದಿಲ್ಲ. ಅವನ ಮುಷ್ಟಿ ತಾನಾಗಿಯೇ ಮುಚ್ಚಿಕೊಂಡಿತು.

"ಏನಿದೆ? ತೋರ್ಸು," ಎಂದಳು ಥೋವಾ ಮೇಜಿನ ಆಚೆಯಿಂದ.

ಖಿಯೆಮ್ ಮುಷ್ಟಿ ಬಿಚ್ಚಲಿಲ್ಲ.

"ಎಳ್ಳುಕಾಳು," ಎಂದ ಚಿನ್ ಲೋಕ್. "ನಕಲಿ. ನಾನೇ ಹಾಕಿದ್ದು."

ಖಿಯೆಮ್ ತಿರುಗಿ ನೋಡಿದ. ಮುದುಕ ಅವನನ್ನು ನೋಡುತ್ತಿರಲಿಲ್ಲ, ಅವನ ಮುಷ್ಟಿಯನ್ನು ನೋಡುತ್ತಿದ್ದ. ಕಂಡಿದ್ದಾನೆ. ತನಗಿಂತ ಮೊದಲೇ ಕಂಡಿದ್ದಾನೆ.

"ತೋರ್ಸು ಅಂದೆ ಕಣಪ್ಪ," ಎಂದು ಅವಳು ಮೇಜು ಸುತ್ತಿ ಬರತೊಡಗಿದಳು. ಅಷ್ಟರಲ್ಲಿ ಚಿನ್ ಲೋಕ್‌ನ ಎಡಗೈ ಚಾಚಿ ಖಿಯೆಮ್‌ನ ಮುಷ್ಟಿಗೆ ಬೆರಳು ತೂರಿಸಿ, ಅದರೊಳಗಿನದನ್ನು ಕಿತ್ತು, ಅಂಗಡಿಯ ಮುಂದಿನ ಚರಂಡಿಯ ಜಾಲರಿಯೊಳಕ್ಕೆ ಎಸೆಯಿತು. ಒಂದೇ ಕೈಯ ಮನುಷ್ಯನಿಗೆ ಗುರಿ ತಪ್ಪಲಿಲ್ಲ. "ನೋಡೋಕೇನಿದೆ ಅದ್ರಲ್ಲಿ?" ಎಂದು ಕೂಗಿದ. "ನಾನೇ ಹೇಳ್ತಿದೀನಲ್ಲ! ನಿಮ್ಮಪ್ಪನ ಯಂತ್ರ ಬೇಯಿಸಿದೆ. ಅಸಲಿ ತಗೊಂಡೆ, ಮಾರ್ಕೊಂಡೆ, ಹೆಂಡ ಕುಡಿದೆ. ಏನೀಗ?"

ಥೋವಾ ಬೈಗುಳ ಸುರಿಸಿದಳು. ನಮ್ಮಪ್ಪ ಸಾಯೋವಾಗಲೂ ನಿಮ್ಮ ಹೆಸರು ಹೇಳಿದ್ರಲ್ಲ ಚಿಕ್ಕಪ್ಪ, ಪ್ರತಿ ಹಬ್ಬಕ್ಕೂ ಅನ್ನದ ಕಡುಬು ಕಳಿಸಿದ್ವಲ್ಲ, ಅದನ್ನ ಯಾವ ಬಾಯಲ್ಲಿ ತಿಂದ್ರಿ, ಅದಕ್ಕೇ ದೇವರು ಆ ಬಾಯಿ ಸೊಟ್ಟ ಮಾಡಿರೋದು, ಅದಕ್ಕೇ ಆ ಕೈ ಕಿತ್ಕೊಂಡಿರೋದು. ಬೀದಿಯವರು ನಿಂತು ಕೇಳಿದರು. ದಾವ್ ಕತ್ತು ಒಳಗೆಳೆದುಕೊಂಡ. ಖಿಯೆಮ್ ಬಯಸಿದ್ದೆಲ್ಲ ಒಂದೂ ಬಿಡದೆ ನಡೆಯುತ್ತಿತ್ತು. ನಾಲ್ಕು ಜನ, ಹಗಲು ಬೆಳಕು, ಕಳ್ಳ ಎನ್ನುವ ಮಾತು. ಅವನು ಕುರ್ಚಿಯ ಕಡೆ ಬಗ್ಗಿ, ಗಲ್ಲ ಒರೆಸುವ ನೆವದಲ್ಲಿ, "ಯಾಕೆ ಮೇಷ್ಟ್ರೇ?" ಎಂದು ಪಿಸುಗುಟ್ಟಿದ.

"ನನ್ನ ಹೆಸರು ನಂದು. ಸುಟ್ಟುಹಾಕ್ತೀನಿ, ಇಟ್ಕೋತೀನಿ," ಎಂದ ಮುದುಕ ಅಷ್ಟೇ ಮೆಲ್ಲಗೆ. "ನಾಳೆ ಯಾವನೂ ಬರದಿದ್ರೆ ಇಬ್ಬರ ಹೊಟ್ಟೆಗೂ ಮಣ್ಣು. ನಿನಗೆ ಸುಡೋಕೂ ಹೆಸರಿಲ್ಲವಲ್ಲೋ. ಮುಖ ಆಕಡೆ ತಿರುಗಿಸು, ನೋಡಿದ್ರೆ ವಾಕರಿಕೆ ಬರ್ತದೆ."

ಕೂಗಿ ಕೂಗಿ ಸುಸ್ತಾದ ಥೋವಾ ಸ್ಟೂಲಿನ ಮೇಲೆ ಕುಸಿದಳು. ಕಣ್ಣು ಒರೆಸಿಕೊಂಡು ಖಿಯೆಮ್‌ನ ಕಡೆ ತಿರುಗಿದಳು. "ನೀವು ಹೇಳಿ ಮೇಷ್ಟ್ರೇ," ಎಂದಳು. ಇಷ್ಟು ವರ್ಷದಲ್ಲಿ ಅವನನ್ನು ಯಾರೂ ಹಾಗೆ ಕರೆದಿರಲಿಲ್ಲ. "ನೀವು ಕಣ್ಣಾರೆ ಕಂಡಿದ್ದೀರಿ. ನಂಗಿನ್ನೂ ನಂಬೋಕಾಗ್ತಿಲ್ಲ. ನಕಲೀನಾ?"

ಖಿಯೆಮ್ ಭೂಮಿದೇವರ ಮುಂದಿನ ಕಾಫಿಯನ್ನು ನೋಡಿದ. ಐಸು ಕರಗಿ ತಿಳಿಯಾಗಿತ್ತು.

"ಹೌದು," ಎಂದ.

"ಇನ್ನೊಂದೂ?"

"ಜೋಡಿಯಲ್ವಾ ಅಕ್ಕ."

"ಅದನ್ನೂ ಕಿತ್ತು ಬಿಸಾಕಿ. ಈ ಮನುಷ್ಯ ಮುಟ್ಟಿದ್ದು ಒಂದೂ ಬೇಡ ನಂಗೆ."

ಅವನು ಇನ್ನೊಂದನ್ನೂ ಬಿಚ್ಚಿದ. ಅಂಗೈಯಲ್ಲಿ ಅದು ಭಾರವಾಗಿತ್ತು, ಈಗಷ್ಟೇ ಹಾಡಿ ಬಂದದ್ದರಿಂದ ಇನ್ನೂ ಉಗುರುಬೆಚ್ಚಗಿತ್ತು. ಅವಳು ನೋಡುತ್ತಿದ್ದಳು. ಜೇಬಿಗಿಳಿಸಬಹುದೇ ಎಂದು ಅವನ ಬೆರಳುಗಳು ಒಮ್ಮೆ ಯೋಚಿಸಿದವು. ಆಮೇಲೆ ಎದ್ದು ಹೋಗಿ ಚರಂಡಿಯ ಮೇಲೆ ಕೈ ತೆರೆದ. 'ಡುಬುಕ್' ಎಂದಿತು. ಅವಳ ಬೈಗುಳಕ್ಕೆಲ್ಲ ಕಣ್ಣು ಮಿಟುಕಿಸದ ಮುದುಕ ಆ ಸದ್ದಿಗೆ ಕಣ್ಣು ಮುಚ್ಚಿಕೊಂಡ.

ಡ್ರಾಯರಿನಿಂದ ಈಗಿನ ಕಾಲದ ಒಂದು ಜೋಡಿ ತೆಗೆದು ಖಿಯೆಮ್ ಅಲ್ಲಿ ಕೂರಿಸಿದ. ಚೀನಾದಿಂದ ರಾಶಿಗಟ್ಟಲೆ ಬರುವಂಥವು, ಕೆಲಸ ಮಾಡುತ್ತವೆ. ಕೊಕ್ಕೆ ಹಾಕದೆ ಸುಮ್ಮನೆ ಬೆಸೆದ. ಕೊನೆಗೆ ಬೋರ್ಡಿನ ಗೋಂದಿಗೆ ಮೀಟರಿನ ಕಡ್ಡಿ ಚುಚ್ಚಿದ. ಅಲುಗಬಾರದ ಮುಳ್ಳು ಅಲುಗಿತು. ಚಾಕುವಿನಿಂದ ಆ ಕಂದು ಗೋಂದನ್ನೆಲ್ಲ ಕೆರೆದು, ಸ್ಪಿರಿಟ್ಟಿನಿಂದ ತೊಳೆದ. ಥೋವಾ ಅದನ್ನು ಧೂಳು ಒರೆಸುವುದೆಂದುಕೊಂಡಿರಬೇಕು, ಏನೂ ಕೇಳಲಿಲ್ಲ. ಟೀಯವಳನ್ನು ಕರೆದು ಅವನಿಗೊಂದು ಕಾಫಿ ಹೇಳಿದಳು. ಅವನು ಕುಡಿದ. ಕೆಟ್ಟ ಬಾಯಾರಿಕೆಯಾಗಿತ್ತು.

ರಟ್ಟು ಮುಚ್ಚಿ ಕಾಯಿಸಿದರು. ಯಂತ್ರ ಕಾದು ಕೈ ಇಡಲಾಗದಷ್ಟಾಯಿತು. ಮುಳ್ಳು ಸೊನ್ನೆಯ ಮೇಲೆ ಸತ್ತಂತೆ ಮಲಗಿತ್ತು. ಥೋವಾ ತನ್ನಪ್ಪನ ಕಾಲದ ಕ್ಯಾಸೆಟ್ಟೊಂದನ್ನು ಕೊಟ್ಟಳು. ಖಿಯೆಮ್ ಹಾಕಿದ. ಹೆಂಗಸೊಬ್ಬಳು ದೋಣಿ ಬಿಟ್ಟುಹೋದ ದಡದ ಬಗ್ಗೆ ಹಾಡತೊಡಗಿದಳು. ಎಡಗಡೆ ಕೆರೆಯಲಿಲ್ಲ. ಟಕ್ ಎನ್ನಲಿಲ್ಲ. ಬೀದಿಯಲ್ಲಿ ಹೋಗುತ್ತಿದ್ದ ಲಾಟರಿಯವಳು ಒಂದು ಗಳಿಗೆ ನಿಂತು ಕೇಳಿ ಮುಂದೆ ಹೋದಳು.

"ಎಡಗಡೆ ಒಣಗಿದೆ," ಎಂದ ಚಿನ್ ಲೋಕ್, ಕಣ್ಣು ತೆರೆಯದೆ.

"ನೀವು ಬಾಯಿ ಮುಚ್ಚಿ," ಎಂದಳು ಥೋವಾ. ಆದರೂ ಅನುಮಾನ ಬಂತು, ಖಿಯೆಮ್‌ನನ್ನು ನೋಡಿದಳು. "ಹೌದಾ ಮೇಷ್ಟ್ರೇ? ನಂಗದೆಲ್ಲ ಗೊತ್ತಾಗಲ್ಲ. ಒಣಗಿದೆಯಾ?"

ಒಣಗಿತ್ತು. ಬಲಗಡೆಯಲ್ಲಿ ಆ ಹೆಂಗಸು ಪ್ರತಿ ಸಾಲಿಗೂ ಮೊದಲು ಉಸಿರು ತೆಗೆದುಕೊಳ್ಳುತ್ತಿದ್ದಳು, ಉಸಿರಿನ ತೇವ ಕೂಡ ಕೇಳುತ್ತಿತ್ತು. ಎಡಗಡೆಯಲ್ಲಿ ಮಾತುಗಳಷ್ಟೇ ಇದ್ದವು, ಉಸಿರಿರಲಿಲ್ಲ. ಮುದುಕನಿಗೆ ಕೇಳಿಸಿದ್ದು ಜೀವನದಲ್ಲಿ ಮೊದಲ ಸಲ ಖಿಯೆಮ್‌ಗೂ ಕೇಳಿಸಿತ್ತು. ಇನ್ನು ಕೇಳಿಸುತ್ತಲೇ ಇರುತ್ತದೆ ಎಂದು ಅವನಿಗೆ ಗೊತ್ತಾಯಿತು.

"ಇಲ್ಲಕ್ಕ," ಎಂದ. "ಎರಡೂ ಕಡೆ ಒಂದೇ ಥರ ಇದೆ."